ಪೌರ, ನಾಗರಿಕ ಮತ್ತು ನಮ್ಮೂರಿನ ಪ್ರಜೆ

ಪಿಎಚ್.ಡಿ. ಮಾಡುತ್ತಿರುವವರಿಗೆ ಊರಿನಲ್ಲಿ ಎದುರಾಗುವ ಪ್ರಶ್ನೆಗಳು ಎರಡೇ. ಮುಗಿಯುವುದು ಯಾವಾಗ ಎನ್ನುವುದು ಒಂದು, ಯಾವುದರ ಮೇಲೆ ಮಾಡುತ್ತಿದ್ದೀಯ ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ಒಂದು ನಗು ಸಾಕಾಗುತ್ತದೆ. ಎರಡನೆಯದಕ್ಕೆ ನಾನು 'ಹಳೇ ಕನ್ನಡ ಪೇಪರುಗಳ ಮೇಲೆ' ಅನ್ನುತ್ತೇನೆ. ಸೋಸಲೆಯ ಬಸ್‌ಸ್ಟಾಪಿನ ಹತ್ತಿರದ ಅಂಗಡಿಯಲ್ಲಿ ಹೀಗೆ ಹೇಳಿದಾಗ ಅಂಗಡಿಯವರು ತಕ್ಕಡಿಯಿಂದ ಕಣ್ಣು ತೆಗೆಯದೆ, 'ಹಳೇ ಪೇಪರಾ? ಕೆಜಿಗೆ ಎಷ್ಟಾಗದೆ ಈಗ?' ಎಂದರು. ಅವರ ಮಟ್ಟಿಗೆ ಅದು ನ್ಯಾಯವಾದ ಪ್ರಶ್ನೆ.

ವಿವರವಾಗಿ ಹೇಳುವುದಾದರೆ, ಕಳೆದ ಶತಮಾನದ ನಡುವಿನ ಇಪ್ಪತ್ತು ವರ್ಷಗಳಲ್ಲಿ, ಅಂದರೆ ಸುಮಾರು 1937ರಿಂದ 1957ರವರೆಗೆ, ಹಳೆ ಮೈಸೂರಿನ ಪತ್ರಿಕೆಗಳು ರಾಜಕೀಯದ ಮಾತುಗಳನ್ನು ಹೇಗೆ ಬಳಸಿದವು ಎನ್ನುವುದು ನನ್ನ ವಿಷಯ. ಜವಾಬ್ದಾರಿ ಸರ್ಕಾರ, ಚಳವಳಿ, ಸತ್ಯಾಗ್ರಹ, ಸಂಸ್ಥಾನ, ಪ್ರಾಂತ, ಇಂಥವು. ಪಟ್ಟಿಯಲ್ಲಿ ಇಪ್ಪತ್ತೆರಡು ಪದಗಳಿದ್ದವು. ಈಗ ಒಂದೇ ಪದ ಎರಡು ಅಧ್ಯಾಯಗಳನ್ನು ನುಂಗಿಕೊಂಡು ಕೂತಿದೆ. ಆ ಪದ 'ಪ್ರಜೆ'.

ಮೊದಲಿಗೆ ಅದು ಪಟ್ಟಿಯಲ್ಲಿ ಇರಲೇ ಇಲ್ಲ. ಎಲ್ಲ ಕಡೆಯೂ ಇರುವ ಪದವನ್ನು ಯಾರು ಪಟ್ಟಿ ಮಾಡುತ್ತಾರೆ? ನೀರು, ಗಾಳಿ, ಪ್ರಜೆ. ಆದರೆ ಹಳೆಯ ಸಂಪುಟಗಳನ್ನು ದಿನಾಂಕದ ಪ್ರಕಾರ ಓದುತ್ತಾ ಹೋದ ಹಾಗೆ ಒಂದು ವಿಚಿತ್ರ ಕಣ್ಣಿಗೆ ಬೀಳತೊಡಗಿತು. 1940ರ ಸೆಪ್ಟೆಂಬರಿನಲ್ಲಿ ಜಯಚಾಮರಾಜ ಒಡೆಯರು ಪಟ್ಟಕ್ಕೆ ಬಂದಾಗ ಸಂತೋಷಪಟ್ಟವರು ಪ್ರಜೆಗಳು. 1947ರಲ್ಲಿ ಅದೇ ಮಹಾರಾಜರ ದಿವಾನರ ವಿರುದ್ಧ 'ಮೈಸೂರು ಚಲೋ' ಎಂದು ಹೊರಟವರೂ ಪ್ರಜೆಗಳು. 1950ರ ಜನವರಿ 26ರಂದು ಗಣರಾಜ್ಯಕ್ಕೆ ಒಡೆಯರಾದವರೂ ಪ್ರಜೆಗಳೇ. ಕೆಳಗೆ ಕೂತವನಿಗೂ ಮೇಲೆ ಕೂತವನಿಗೂ ಒಂದೇ ಹೆಸರು. ಇಂಗ್ಲಿಷಿನವರು ಇಲ್ಲಿ ಎರಡು ಪದಗಳನ್ನು ಇಟ್ಟುಕೊಂಡಿದ್ದಾರೆ: ಸಬ್ಜೆಕ್ಟ್ ಅಂದರೆ ಆಳಿಸಿಕೊಳ್ಳುವವನು, ಸಿಟಿಜನ್ ಅಂದರೆ ಹಕ್ಕುಳ್ಳವನು. ಒಂದನ್ನು ಬಿಟ್ಟು ಇನ್ನೊಂದಕ್ಕೆ ದಾಟಿದರೆ ಅದು ಚರಿತ್ರೆ. ನಮ್ಮಲ್ಲಿ ದಾಟಿದ್ದು ಕಾಣುವುದೇ ಇಲ್ಲ. ಪದ ಅಲ್ಲೇ ಇದೆ, ಅದರ ಸುತ್ತಲಿನ ಅರಮನೆ ಸರಿದುಹೋಗಿದೆ.

ಪದದ ಮೂಲಕ್ಕೆ ಹೋದರೆ ಪ್ರಜೆ ಅಂದರೆ ಹುಟ್ಟಿದ್ದು, ಸಂತಾನ. ಬೆಳಿಗ್ಗೆ ದೇವಸ್ಥಾನದ ಮೈಕಿನಲ್ಲಿ ಬರುವ ಸುಪ್ರಭಾತದ 'ಸುಪ್ರಜಾ' ಅದೇ. ರಾಮ ಅಲ್ಲಿ ಒಳ್ಳೆಯ ಮಗ, ಒಳ್ಳೆಯ ಮತದಾರ ಅಲ್ಲ. ನಮ್ಮ ತಾತ ಈಗಲೂ ಯಾರ ಮನೆಯಲ್ಲಾದರೂ ಮಗು ಹುಟ್ಟಿತೆಂದರೆ, 'ಗಂಡು ಪ್ರಜೆಯೋ ಹೆಣ್ಣು ಪ್ರಜೆಯೋ?' ಎಂದು ಕೇಳುತ್ತಾರೆ. ರಾಜ ತಂದೆ, ಆಳಿಸಿಕೊಳ್ಳುವವರು ಮಕ್ಕಳು ಅನ್ನುವ ಹಳೆಯ ಲೆಕ್ಕದಲ್ಲಿ ಈ ಪದ ಅರಮನೆಗೆ ಹೊಂದಿಕೊಂಡಿತು. ಮಗ ದೊಡ್ಡವನಾಗಿ ಮನೆಯ ಯಜಮಾನಿಕೆ ಕೇಳುತ್ತಾನೆ ಎಂಬುದೂ ಅದೇ ಲೆಕ್ಕದಲ್ಲಿ ಅಡಗಿತ್ತು ಎಂದು ತಮಾಷೆಗೆ ಹೇಳಬಹುದು. ಆದರೆ ಪ್ರಬಂಧದಲ್ಲಿ ಅದನ್ನು ಬರೆದರೆ ಮಾರ್ಗದರ್ಶಕರು ಗೆರೆ ಎಳೆಯುತ್ತಾರೆ.

ಮೈಸೂರು ಸಂಸ್ಥಾನದಲ್ಲಿ ಈ ಪದಕ್ಕೆ ಒಂದು ವಿಶೇಷ ಸ್ಥಾನವಿತ್ತು. ದಿವಾನ್ ರಂಗಾಚಾರ್ಲು 1881ರ ಅಕ್ಟೋಬರಿನಲ್ಲಿ ಸೇರಿಸಿದ ಸಭೆಯ ಹೆಸರೇ ಪ್ರಜಾಪ್ರತಿನಿಧಿ ಸಭೆ. ಮೊದಲ ವರ್ಷ 144 ಮಂದಿ ಬಂದಿದ್ದರು. ದಸರೆಯ ಸುಮಾರಿಗೆ ಮೈಸೂರಿಗೆ ಬಂದು, ತಮ್ಮ ತಾಲ್ಲೂಕಿನ ಕೆರೆ, ರಸ್ತೆ, ಕಂದಾಯಗಳ ಅಹವಾಲು ಹೇಳಿಕೊಂಡು, ದಿವಾನರ ಮಾತು ಕೇಳಿಕೊಂಡು ಹಿಂದಿರುಗುವುದು ಕ್ರಮ. ಚುನಾವಣೆ ಬಂದದ್ದು ಹತ್ತು ವರ್ಷ ಕಳೆದ ಮೇಲೆ. ಆಗಲೂ ಓಟು ಇದ್ದದ್ದು ಆಸ್ತಿ, ಕಂದಾಯ, ಓದು ಇದ್ದವರಿಗೆ. ಅಂದರೆ 'ಪ್ರಜಾಪ್ರತಿನಿಧಿ' ಎಂಬ ಪದದೊಳಗಿನ 'ಪ್ರಜಾ' ಎನ್ನುವುದು ಹೊಲದ ಗುತ್ತಿಗೆಯವನನ್ನಾಗಲಿ, ಕೂಲಿಯವನನ್ನಾಗಲಿ ಒಳಗೆ ಬಿಟ್ಟುಕೊಂಡಿರಲಿಲ್ಲ. ಹೆಂಗಸರಿಗೆ ಬಾಗಿಲು ತೆರೆದದ್ದು 1923ರಲ್ಲಿ, ಅದೂ ಅದೇ ಆಸ್ತಿಯ ಹೊಸ್ತಿಲು ದಾಟಬಲ್ಲವರಿಗೆ.

1917ರಲ್ಲಿ ಹುಟ್ಟಿದ ಪ್ರಜಾಮಿತ್ರ ಮಂಡಳಿಯ 'ಪ್ರಜಾ' ಬೇರೆ. ಸರ್ಕಾರಿ ಕೆಲಸಗಳೆಲ್ಲ ಬ್ರಾಹ್ಮಣರ ಪಾಲಾಗಿವೆ, ಉಳಿದವರಿಗೂ ಪಾಲು ಬೇಕು ಎಂದು ಕೇಳಿದವರು ತಮ್ಮ ಸಂಘಟನೆಗೆ ಇಟ್ಟುಕೊಂಡ ಹೆಸರು ಅದು. ಅಲ್ಲಿ ಪ್ರಜೆ ಎಂದರೆ, ಬಾಯಿಬಿಟ್ಟು ಹೇಳದಿದ್ದರೂ, ಬ್ರಾಹ್ಮಣೇತರ. ಆಮೇಲೆ ಪ್ರಜಾಪಕ್ಷ ಬಂತು. 1934ರಲ್ಲಿ ಮಂಡಳಿಯೂ ಪಕ್ಷವೂ ಸೇರಿ ಪ್ರಜಾಸಂಯುಕ್ತ ಪಕ್ಷವಾಯಿತು. ಅದು ಮುಂದೆ ಕಾಂಗ್ರೆಸ್ಸಿನಲ್ಲಿ ಕರಗಿತು. ಅತ್ತ ದೇಶದ ಬೇರೆ ಬೇರೆ ಸಂಸ್ಥಾನಗಳಲ್ಲಿ ರಾಜರ ಅಧಿಕಾರವನ್ನು ಪ್ರಶ್ನಿಸುತ್ತಿದ್ದ ಸಂಘಟನೆಗಳ ಹೆಸರು ಪ್ರಜಾಮಂಡಲ. ಹೀಗೆ ಒಂದೇ ದಶಕದಲ್ಲಿ ಕನ್ನಡ ಪತ್ರಿಕೆ ಓದುವವನ ಕಣ್ಣೆದುರು ಅರಮನೆಯ ಪ್ರಜೆ, ಕಂದಾಯದ ಪ್ರಜೆ, ಬ್ರಾಹ್ಮಣೇತರ ಪ್ರಜೆ, ಚಳವಳಿಯ ಪ್ರಜೆ, ನಾಲ್ಕೂ ಜನ ಓಡಾಡುತ್ತಿದ್ದರು. ಅಕ್ಷರ ಜೋಡಿಸುವವನು ಮಾತ್ರ ಅದೇ ಮೊಳೆಗಳನ್ನು ತೆಗೆದು ಜೋಡಿಸುತ್ತಿದ್ದ.

ಪಕ್ಕದಲ್ಲೇ ಇನ್ನೊಂದು ಮಜಾ ಇದೆ, ಹೇಳಿಬಿಡುತ್ತೇನೆ. ಜಾಹೀರಾತುಗಳಲ್ಲೂ ಕರಪತ್ರಗಳಲ್ಲೂ ಪ್ರಜೆಗಳಿಗೆ ಜಾಗವಿಲ್ಲ. ಅಲ್ಲಿ ಎಲ್ಲರೂ 'ಮಹಾಜನಗಳು'. ನಾಟಕ ಕಂಪನಿ ಬಂದಿದೆ, ಮಹಾಜನಗಳು ಬಂದು ಪ್ರೋತ್ಸಾಹಿಸಬೇಕು. ಹೊಸ ಜವಳಿ ಬಂದಿದೆ, ಮಹಾಜನಗಳು ಗಮನಿಸಬೇಕು. ಅಗ್ರಹಾರದ ಶಾಸನಗಳಲ್ಲಿ ಇಂತಿಷ್ಟು ಮಂದಿ ಬ್ರಾಹ್ಮಣರಿಗೆ ಮಾತ್ರ ಮೀಸಲಾಗಿದ್ದ ಪದವನ್ನು ಒಂದು ಸೋಪಿನ ಅಂಗಡಿ ಇಡೀ ಊರಿಗೆ ಹಂಚಿಬಿಟ್ಟಿತ್ತು. ಕಾಸಿದ್ದವರೆಲ್ಲ ಮಹಾಜನರೇ.

ಈಗ 1947ಕ್ಕೆ ಬರೋಣ. ಆಗಸ್ಟ್ 15ರಂದು ದೇಶಕ್ಕೆ ಸ್ವಾತಂತ್ರ್ಯ ಬಂದರೂ ಮೈಸೂರಿನಲ್ಲಿ ಜವಾಬ್ದಾರಿ ಸರ್ಕಾರ ಇರಲಿಲ್ಲ. ಸೆಪ್ಟೆಂಬರಿನಲ್ಲಿ ಚಳವಳಿ ಶುರುವಾಯಿತು, ಅಕ್ಟೋಬರ್ ಕೊನೆಯ ಹೊತ್ತಿಗೆ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು. ಈ ನಡುವಿನ ದಿನಗಳಲ್ಲಿ ಸಂಸ್ಥಾನದ ಸರ್ಕಾರದ ಕಣ್ಣಿಗೆ ಬಿದ್ದ ಪತ್ರಿಕೆಗಳಲ್ಲಿ ಎಚ್. ಎಸ್. ದೊರೆಸ್ವಾಮಿಯವರ 'ಪೌರವಾಣಿ' ಒಂದು. ಇಲ್ಲಿ ಅಚ್ಚು ಹಾಕುವುದು ಕಷ್ಟವಾದಾಗ ಅವರು ಗಡಿಯಾಚೆ, ಮದರಾಸು ಪ್ರಾಂತಕ್ಕೆ ಸೇರಿದ್ದ ಹಿಂದೂಪುರಕ್ಕೆ ಹೋಗಿ ಅದನ್ನು ಹೊರತಂದರು. ಮರುವರ್ಷ, 1948ರ ಅಕ್ಟೋಬರ್ 15ರಂದು, ಬೆಂಗಳೂರಿನಲ್ಲಿ ಕೆ. ಎನ್. ಗುರುಸ್ವಾಮಿಯವರು 'ಪ್ರಜಾವಾಣಿ' ಶುರುಮಾಡಿದರು. ಅದೇ ಸಂಸ್ಥೆಯ ಇಂಗ್ಲಿಷ್ ಪತ್ರಿಕೆ ಕೆಲವು ತಿಂಗಳು ಮೊದಲೇ 'ಡೆಕ್ಕನ್ ಹೆರಾಲ್ಡ್' ಎಂಬ ಹೆಸರಿನಲ್ಲಿ ಬಂದಿತ್ತು. ಹೆರಾಲ್ಡ್ ಅಂದರೆ ಹಳೆಯ ಕಾಲದಲ್ಲಿ ರಾಜನ ಕಡೆಯಿಂದ ಸಾರುವವನು. ಒಂದೇ ಮನೆಯಲ್ಲಿ ಇಂಗ್ಲಿಷ್ ಓದುಗರಿಗೆ ರಾಜನ ಸಾರುವವನು, ಕನ್ನಡ ಓದುಗರಿಗೆ ಪ್ರಜೆಯ ದನಿ! ಹೆಸರಿಟ್ಟವರು ಹೀಗೆ ಯೋಚಿಸಿ ಇಟ್ಟಿರಲಿಕ್ಕಿಲ್ಲ. ಆದರೂ ಒಮ್ಮೆ ಕಂಡ ಮೇಲೆ ಕಾಣದಂತೆ ಇರಲಾಗುವುದಿಲ್ಲ.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಪೌರ ಮತ್ತು ಪ್ರಜೆಯ ಪಕ್ಕಪಕ್ಕದ ಈ ಇರವು. ಆಗ ಪತ್ರಿಕೆಗಳ ಮುಂದೆ ಹಕ್ಕುಳ್ಳ ಮನುಷ್ಯನನ್ನು ಕರೆಯಲು ಮೂರು ಪದಗಳಿದ್ದವು: ಪೌರ, ನಾಗರಿಕ, ಪ್ರಜೆ. ಪೌರ ಎಂದರೆ ಪುರದವನು. ನಾಗರಿಕ ಎಂದರೆ ನಗರದವನು. ಇಂಗ್ಲಿಷಿನ ಸಿಟಿಜನ್ ಕೂಡ ಸಿಟಿಯಿಂದಲೇ ಬಂದವನು. ಶಾಲೆಯಲ್ಲಿ ಓದುತ್ತಿದ್ದ ಪೌರನೀತಿ, ಪಟ್ಟಣಕ್ಕೆ ಮಾತ್ರ ಇದ್ದ ಪೌರಸಭೆ, ಎಲ್ಲದರಲ್ಲೂ ಪುರವೇ. ಬರೀ ಹುಟ್ಟಿದ್ದಕ್ಕೇ ಲೆಕ್ಕಕ್ಕೆ ಸಿಗುವ ಪದ ಮೂರರಲ್ಲಿ ಒಂದೇ. ಸೋಸಲೆಯಂಥ ಊರಿನವನಿಗೆ ಪೌರನಾಗಬೇಕಾದರೆ ಹೊಳೆ ದಾಟಿ ನರಸೀಪುರಕ್ಕೆ ಹೋಗಬೇಕು. ಪ್ರಜೆಯಾಗಲು ಜಗಲಿ ಬಿಟ್ಟು ಏಳಬೇಕಾಗಿಲ್ಲ.

ಇದು ಪದಕೋಶದ ಆಟ ಎಂದು ನಿಮಗೆ ಅನ್ನಿಸಬಹುದು. ನನಗೂ ಅನ್ನಿಸುತ್ತಿತ್ತೇನೋ, ತಾತ ಇಲ್ಲದಿದ್ದರೆ. ಹೋದ ವರ್ಷ ಅವರನ್ನು ಕಣ್ಣು ತೋರಿಸಲು ಮೈಸೂರಿಗೆ ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತಿದ್ದೆ. ಕಿಟಕಿಯ ಮೇಲೆ 'ಹಿರಿಯ ನಾಗರಿಕರಿಗೆ' ಎಂದು ಬರೆದಿದ್ದ ಸೀಟು. ಒಬ್ಬ ಹುಡುಗ ಎದ್ದು ಜಾಗ ಬಿಟ್ಟ. ತಾತ ಕೂರದೆ ಆ ಬರಹವನ್ನೇ ಓದಿದರು. ಎಪ್ಪತ್ತೆಂಬತ್ತು ವರ್ಷ ಪೇಪರು ಓದಿದ ಅಭ್ಯಾಸ, ಕಂಡದ್ದನ್ನೆಲ್ಲ ಓದುತ್ತಾರೆ. ಆಮೇಲೆ ನನ್ನ ಕಡೆ ತಿರುಗಿ, 'ನಾಗರಿಕ ಅಂದ್ರೆ ಪ್ಯಾಟೆಯವ್ನು ಅಲ್ವೇನ್ ಕೂಸೆ? ನಮ್ಗೂ ಕೊಡ್ತಾರಾ ಇದ್ನ?' ಎಂದರು. ಅರ್ಧ ತಮಾಷೆ, ಅರ್ಧ ನಿಜ. ಅವರ ಕಿವಿಗೆ ನಾಗರಿಕ ಎಂದರೆ ಈಗಲೂ ಇಸ್ತ್ರಿ ಅಂಗಿ, ಕಾಲಿಗೆ ಬೂಟು, ನಯವಾದ ಮಾತು. ಅದರ ವಿರುದ್ಧ ಪದ ನೋಡಿ: ಅನಾಗರಿಕ. ಪೌರನಲ್ಲದವನಿಗೆ, ಪ್ರಜೆಯಲ್ಲದವನಿಗೆ ಬೈಗುಳವಿಲ್ಲ. ನಾಗರಿಕನಲ್ಲದವನಿಗೆ ಮಾತ್ರ ಇದೆ.

ಪೌರ ಎಂಬ ಪದದ ಗತಿಯೂ ವಿಚಿತ್ರವೇ ಆಯಿತು. ಈಗ ದಿನಬಳಕೆಯಲ್ಲಿ ಅದು ಉಳಿದಿರುವುದು ಮುಖ್ಯವಾಗಿ ಒಂದೇ ಕಡೆ, ಪೌರಕಾರ್ಮಿಕ ಎನ್ನುವಲ್ಲಿ. ಪೇಟೆಯ ಗೌರವಸ್ಥರ ಪದವಾಗಿದ್ದದ್ದು ಈಗ ಪೇಟೆಯ ಕಸ ಗುಡಿಸುವವರ ಹೆಸರಿನಲ್ಲಿ ಬದುಕಿದೆ. 2019ರ ಕೊನೆಗೆ ಪೌರತ್ವದ ಗಲಾಟೆ ಎದ್ದಾಗ ಪದ ಮತ್ತೆ ಮುಖಪುಟಕ್ಕೆ ಬಂತು. ಆಗ ನಾನು ಎಂ.ಎ. ಓದುತ್ತಿದ್ದೆ. ಊರಿನಲ್ಲಿ ಜನ ಕೇಳುತ್ತಿದ್ದದ್ದು 'ಪೌರತ್ವ ಅಂದ್ರೇನು?' ಎಂದಲ್ಲ, 'ಯಾವ ಕಾಗ್ದ ತೋರಿಸ್ಬೇಕು?' ಎಂದು. ಪ್ರಜೆ ಹುಟ್ಟಿದ್ದಕ್ಕೆ ಪ್ರಜೆ. ಪೌರನಿಗೆ ಕಾಗದ ಬೇಕು.

ಸೋಸಲೆಯವರಿಗೆ ಪ್ರಜೆ ಎನ್ನುವ ಪದ ಬರೀ ಪುಸ್ತಕದ್ದಾಗಿರಲಿಲ್ಲ ಎಂಬುದಕ್ಕೆ ಇನ್ನೊಂದು ಕಾರಣ ಭೂಗೋಳ. 1956ರವರೆಗೆ ಕೊಳ್ಳೇಗಾಲ ತಾಲ್ಲೂಕು ಮೈಸೂರಿಗೆ ಸೇರಿರಲಿಲ್ಲ, ಮದರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ನಮ್ಮ ತಾತನ ಸೋದರತ್ತೆಯನ್ನು ಕೊಟ್ಟಿದ್ದು ಆ ಕಡೆಗೆ. ಒಂದೇ ಭಾಷೆ, ಒಂದೇ ಜಾತ್ರೆ, ಹೆಣ್ಣು ಕೊಟ್ಟು ತರುವ ಸಂಬಂಧ. ಆದರೆ ಅಣ್ಣ ಮೈಸೂರು ಮಹಾರಾಜರ ಪ್ರಜೆ, ತಂಗಿ ಇಂಗ್ಲೆಂಡಿನ ದೊರೆಯ ಪ್ರಜೆ. ಅತ್ತೆ ತವರಿಗೆ ಬಂದಾಗ ಇವರು ನಮ್ಮ ಮಹಾರಾಜರು, ನಮ್ಮ ದಸರೆ ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದರಂತೆ. 'ನಿಮ್ ಮಾರಾಜ್ರು ಲೆವಿ ಬತ್ತ ಎತ್ತಕೋಗಕಿಲ್ವಾ?' ಎಂದು ಅತ್ತೆ ಕೇಳಿದರೆ ಎಲ್ಲರೂ ಗಪ್‌ಚಿಪ್. ಯುದ್ಧದ ಕಾಲದ ಧಾನ್ಯ ವಸೂಲಿಗೆ ಗಡಿಯ ಭೇದ ಇರಲಿಲ್ಲ.

ಈ ಲೆವಿಯ ಮಾತು ನನ್ನನ್ನು ಮುತ್ತಾತನ ಕಬ್ಬಿಣದ ಪೆಟ್ಟಿಗೆಗೆ ಕರೆದುಕೊಂಡು ಹೋಗುತ್ತದೆ.

ತಾತನ ಅಪ್ಪ ಪ್ರೈಮರಿ ಸ್ಕೂಲ್ ಮೇಷ್ಟ್ರು. ಪತ್ರಿಕೆಯ ಹುಚ್ಚು. 'ತಾಯಿನಾಡು' ಒಂದು ದಿನ ತಡವಾಗಿ ಬರುತ್ತಿತ್ತಂತೆ. ಸಂಜೆ ಜಗಲಿಯ ಮೇಲೆ ಲಾಟೀನು ಇಟ್ಟುಕೊಂಡು ಗಟ್ಟಿಯಾಗಿ ಓದುತ್ತಿದ್ದರು, ಸುತ್ತ ಹತ್ತು ಹದಿನೈದು ಜನ. ಬೆಳಿಗ್ಗೆ ಶಾಲೆಯಲ್ಲಿ ಮಕ್ಕಳ ಕೈಲಿ ನಮ್ಮೂರಿನವರೇ ಆದ ಅಯ್ಯಾಶಾಸ್ತ್ರಿಗಳ 'ಸ್ವಾಮಿದೇವನೆ' ಪ್ರಾರ್ಥನೆ ಹೇಳಿಸುವುದು, ಸಂಜೆ ದೊಡ್ಡವರಿಗೆ ಸುದ್ದಿ ಹೇಳುವುದು, ರಾತ್ರಿ ಪತ್ರಿಕೆಗೆ ಕಾಗದ ಬರೆಯುವುದು. ಈ ಕಾಗದಗಳ ಕರಡುಗಳು ಒಂದು ಉದ್ದ ನೋಟುಬುಕ್ಕಿನಲ್ಲಿ ಉಳಿದಿವೆ. ಅರ್ಧ ಪುಟಗಳು ಪಂಚಾಂಗದ ಲೆಕ್ಕ, ಸಾಲದ ಲೆಕ್ಕ. ಉಳಿದದ್ದರಲ್ಲಿ ಪತ್ರಿಕೆಗಳಿಗೆ ಬರೆದ ಇಪ್ಪತ್ತೈದು ಮೂವತ್ತು ಕರಡುಗಳು. ಒಂದು ಅಚ್ಚಾಗಿದ್ದು ತಾತನಿಗೆ ನೆನಪಿದೆ. ಕತ್ತರಿಸಿ ಕಂಬಕ್ಕೆ ಅಂಟಿಸಿದ್ದರಂತೆ. ಕಂಬದ ಸಮೇತ ಗೆದ್ದಲು ತಿಂದಿತು.

ಮೇಷ್ಟ್ರು ಸರ್ಕಾರಿ ನೌಕರ. ಹೆಸರು ಹಾಕಿ ಸರ್ಕಾರವನ್ನು ದೂರುವ ಹಾಗಿಲ್ಲ. ಹಾಗಾಗಿ ಕೆಳಗೆ ಏನು ಸಹಿ ಹಾಕಬೇಕು ಎನ್ನುವುದೇ ಅವರಿಗೆ ಒಂದು ಸಮಸ್ಯೆ. 1944ರ ಕರಡು ಲೆವಿಯ ಬಗ್ಗೆ: ಅಳತೆಯ ಕೊಳಗ ಸರಿಯಿಲ್ಲ, ಬೀಜದ ಬತ್ತಕ್ಕೂ ಕೈ ಹಾಕುತ್ತಾರೆ ಅನ್ನುವ ದೂರು. ಬಹಳ ವಿನಯ. ಕೆಳಗೆ 'ಮಹಾಸ್ವಾಮಿಯವರ ವಿಧೇಯ ಪ್ರಜೆ'. 1948ರಲ್ಲಿ ಬಸ್ಸು ನಿಲ್ಲಿಸದ ಬಗ್ಗೆ ಬರೆದಿದ್ದಾರೆ. ಮಹಾಸ್ವಾಮಿಯೂ ಇಲ್ಲ, ವಿಧೇಯತೆಯೂ ಇಲ್ಲ. ಬರೀ 'ಒಬ್ಬ ಪ್ರಜೆ'. ಎಡಗಡೆಯ ವಿಶೇಷಣಗಳು ಉದುರಿಹೋಗಿ ಪದವೊಂದೇ ನಿಂತಿದೆ. ನಾನು ಇಷ್ಟು ದಿನ ದೊಡ್ಡ ಪತ್ರಿಕೆಗಳ ಸಂಪುಟಗಳಲ್ಲಿ ಹುಡುಕಿ, ಚೀಟಿ ಮಾಡಿ, ಕೋಷ್ಟಕ ಹಾಕಿ ತೋರಿಸಲು ಹೆಣಗುತ್ತಿದ್ದುದನ್ನು ಅವರ ಸಹಿ ಎರಡು ಸಾಲಿನಲ್ಲಿ ಮಾಡಿ ಮುಗಿಸಿತ್ತು.

ಮೇಷ್ಟ್ರು ಯಾವತ್ತೂ 'ಒಬ್ಬ ಪೌರ' ಎಂದು ಸಹಿ ಹಾಕಿಲ್ಲ. 'ನಾಗರಿಕ' ಎಂದೂ ಇಲ್ಲ. ಎರಡೂ ಪದ ಅವರಿಗೆ ಗೊತ್ತಿತ್ತು, ಶಾಲೆಯಲ್ಲಿ ಪೌರನೀತಿ ಪಾಠ ಮಾಡುತ್ತಿದ್ದವರೇ ಅವರು.

ನಾನು ತುಂಬ ಹೊತ್ತು ನೋಡಿದ ಪುಟ 1951ರದು. ಹೆಸರು ಬೇಡ, ಹತ್ತಿರದ ಒಂದು ಊರಿನ ಕೇರಿಯವರಿಗೆ ಸರ್ಕಾರದ ದುಡ್ಡಿನಲ್ಲಿ ತೋಡಿದ ಬಾವಿಯಲ್ಲಿ ನೀರು ಸೇದಲು ಬಿಡುತ್ತಿಲ್ಲ ಎಂಬ ಕಾಗದ. ಅಸ್ಪೃಶ್ಯತೆಯನ್ನು ಸಂವಿಧಾನ ತೊಡೆದುಹಾಕಿ ಒಂದು ವರ್ಷ ದಾಟಿತ್ತು, ಅದನ್ನು ಅಪರಾಧವೆಂದು ಶಿಕ್ಷಿಸುವ ಕಾಯಿದೆ ಬರಲು ಇನ್ನೂ ನಾಲ್ಕು ವರ್ಷವಿತ್ತು. ಕರಡಿನಲ್ಲಿ ಮೊದಲು 'ಆ ಕೇರಿಯ ಬಡ ಜನ' ಎಂದು ಬರೆದಿದ್ದಾರೆ. ಆಮೇಲೆ 'ಬಡ' ಹೊಡೆದುಹಾಕಿದ್ದಾರೆ. ಆಮೇಲೆ 'ಜನ' ಎಂಬುದನ್ನೂ ಹೊಡೆದು ಮೇಲೆ ಸಣ್ಣ ಅಕ್ಷರದಲ್ಲಿ 'ಪ್ರಜೆಗಳು' ಎಂದು ಬರೆದಿದ್ದಾರೆ. ಒಂದು ಸಾಲಿನಲ್ಲಿ ಎರಡು ತಿದ್ದುಪಡಿ. ಬಡ ಜನ ಎಂದರೆ ಓದುವವನಿಗೆ ಅಯ್ಯೋ ಅನ್ನಿಸಬಹುದು. ಪ್ರಜೆಗಳು ಎಂದರೆ ಅಯ್ಯೋ ಎನ್ನುವುದು ಸಾಲುವುದಿಲ್ಲ, ಉತ್ತರ ಕೊಡಬೇಕು. ಯಾರಿಗೆ ಯಾರು ಉತ್ತರ ಕೊಡಬೇಕು ಎಂಬ ಒಂದು ಸಂಬಂಧ ಆ ಪದದೊಳಗೆ ಮೊದಲಿನಿಂದಲೂ ಇತ್ತು. ಅರಮನೆಯ ಕಾಲದಲ್ಲಿ ರಾಜನಿಗೂ ಧರ್ಮ ಅಂತ ಒಂದಿತ್ತಲ್ಲ, ಪ್ರಜೆಯನ್ನು ಕಾಯಬೇಕು ಅಂತ. ಮೇಷ್ಟ್ರು ಆ ಹಳೆಯ ಸಾಲವನ್ನು ಹೊಸ ಸರ್ಕಾರದ ಖಾತೆಗೆ ವರ್ಗಾಯಿಸುತ್ತಿದ್ದರು. ನಾನು ಹಾಗೆ ಓದುತ್ತೇನೆ.

ಆ ಕಾಗದ ಅಂಚೆಗೆ ಹೋಗಲಿಲ್ಲ. ಶುದ್ಧಪ್ರತಿ ಮಾಡಿದ್ದು ನೋಟುಬುಕ್ಕಿನಲ್ಲೇ ಮಡಿಸಿ ಇಟ್ಟಿದೆ. 'ಯಾಕ್ ಕಳಿಸ್ಲಿಲ್ಲ ತಾತ?' ಎಂದು ಕೇಳಿದರೆ ತಾತ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಆ ಊರಲ್ಲೂ ನಮ್ ನೆಂಟ್ರಿದ್ರಲ್ಲವ್ವ' ಎಂದರು. ಕೇರಿಯವರಿಗೆ ಬಾವಿ ಸಿಕ್ಕಿದ್ದು ಮುಂದೆ ಯಾವಾಗಲೋ, ಯಾರದೋ ಹೋರಾಟದಿಂದ. ಪದವನ್ನು ತಿದ್ದಿದ ಕೈ ಅಂಚೆಪೆಟ್ಟಿಗೆಯವರೆಗೆ ಹೋಗಲಿಲ್ಲ ಎಂಬುದನ್ನೂ ನಾನು ಬರೆಯಬೇಕು. ಮುತ್ತಾತನನ್ನು ದೊಡ್ಡವರು ಮಾಡಲು ಸಂಶೋಧನೆ ಮಾಡಬಾರದು.

ಇದೇ ಕಾಲದಲ್ಲಿ ಪತ್ರಿಕೆಗಳಲ್ಲಿ ಆಡಳಿತದ ಹೊಸ ಪದ್ಧತಿಗೆ ಯಾವ ಹೆಸರು ಎಂಬ ಗೊಂದಲವೂ ನಡೆದಿತ್ತು. ಪ್ರಜಾಸತ್ತೆ, ಪ್ರಜಾತಂತ್ರ, ಪ್ರಜಾಧಿಪತ್ಯ, ಪ್ರಜಾರಾಜ್ಯ, ಪ್ರಜಾಪ್ರಭುತ್ವ. ಐದರಲ್ಲೂ ಮುಂದೆ ಪ್ರಜೆಯೇ. ಮರಾಠಿಯವರು ಲೋಕಶಾಹಿ ಎಂದರು, ಮಲಯಾಳಿಗಳು ಜನಾಧಿಪತ್ಯ ಎಂದರು, ಹಿಂದಿಯಲ್ಲಿ ಲೋಕತಂತ್ರ ಮುಂದೆ ಬಂತು. ಕನ್ನಡದಲ್ಲಿ ಗೆದ್ದದ್ದು ಪ್ರಜಾಪ್ರಭುತ್ವ. ಯೋಚಿಸಿದರೆ ಬಹಳ ತಮಾಷೆಯ ಪದ. ಆಳುವ ಪ್ರಭುವೂ ಆಳಿಸಿಕೊಳ್ಳುವ ಪ್ರಜೆಯೂ ಒಂದೇ ಪದದೊಳಗೆ ಒತ್ತಿಕೊಂಡು ಕೂತಿದ್ದಾರೆ, ನರಸೀಪುರದ ಬಸ್ಸಿನಲ್ಲಿ ಕೂತ ಹಾಗೆ. ತೆಲುಗರಿಗೆ ಪ್ರಜಲು ಎಂದರೆ ಸುಮ್ಮನೆ ಜನ. ನಮ್ಮಲ್ಲಿ ಹಾಗಿಲ್ಲ. ಪ್ರಜೆ ಎಂದರೆ ಎದುರಿಗೆ ಯಾವುದೋ ಒಂದು ಪ್ರಭುತ್ವ ಇದ್ದೇ ಇರುತ್ತದೆ.

ನನ್ನ ಅಧ್ಯಾಯದ ಕರಡಿಗೆ ಬಂದ ಆಕ್ಷೇಪವೂ ಅದೇ. ವಿಚಾರಸಂಕಿರಣವೊಂದರಲ್ಲಿ ಓದಿದಾಗ ಹಿರಿಯರೊಬ್ಬರು, ಪ್ರಜೆ ಎನ್ನುವುದು ಊಳಿಗಮಾನ್ಯದ ಪದ, ಇನ್ನಾದರೂ ಬಿಡಬೇಕು, ನಾಗರಿಕ ಎನ್ನುವುದೇ ಸಂವಿಧಾನಕ್ಕೆ ಒಪ್ಪುವ ಪದ ಎಂದರು. ಅವರ ಮಾತಿನಲ್ಲಿ ಹುರುಳಿದೆ. ಇವತ್ತಿಗೂ ಗೆದ್ದವರು 'ನಮ್ಮ ಕ್ಷೇತ್ರದ ಪ್ರಜೆಗಳು' ಎನ್ನುವಾಗ ಆ 'ನಮ್ಮ' ಎಂಬುದರಲ್ಲಿ ಸಣ್ಣ ಅಂಬಾರಿಯೊಂದು ಕಾಣುತ್ತದೆ. ಶಾಲೆಗಳಲ್ಲಿ ಓದುವ ಸಂವಿಧಾನದ ಪೀಠಿಕೆಯೂ ಒಂದು ಕಡೆ 'ಜನತೆ' ಎಂದು, ಇನ್ನೊಂದು ಕಡೆ 'ಪ್ರಜೆಗಳು' ಎಂದು ಶುರುವಾಗುತ್ತದೆ. ಈ ಜಗಳ ಮುಗಿದಿಲ್ಲ. ಆದರೆ ಪದದ ಶೀಲವನ್ನು ಅದರ ಹುಟ್ಟಿನಿಂದ ಮಾತ್ರ ಅಳೆಯುವುದು ಜಾತಿಯ ಲೆಕ್ಕದ ಹಾಗೆಯೇ ಅಲ್ಲವೆ? ಅದನ್ನು ಯಾರು ಎತ್ತಿಕೊಂಡರು, ಯಾವ ಅರ್ಜಿಯ ಕೆಳಗೆ ಇಟ್ಟರು ಎಂದೂ ನೋಡಬೇಕು. ನಾಗರಿಕ ಶುದ್ಧ ಪದ ಇರಬಹುದು, ಆದರೆ ಅದು ಹಳ್ಳಿಗೆ ಬಂದದ್ದು ಬಸ್ಸಿನ ಸೀಟಿನ ಮೇಲೆ.

ಇನ್ನೊಂದು ಸಂಗತಿ ಹೆಣ್ಣುಮಗಳಾಗಿ ನನಗೆ ಕಂಡದ್ದು. ನಾಗರಿಕ ಎಂಬ ಪದ ಕನ್ನಡದಲ್ಲಿ ಗಂಡಸು. 'ಅವಳು ಈ ದೇಶದ ನಾಗರಿಕಳು' ಎಂದು ಹೇಳಿ ನೋಡಿ, ನಾಲಿಗೆ ಎಡವುತ್ತದೆ. ಪೌರ, ಮತದಾರ, ನಿವಾಸಿ ಎಂದು ಪಟ್ಟಿ ಮಾಡಿದರೆ ಮೊದಲೆರಡೂ ಗಂಡಸರೇ. 'ಅವಳು ಈ ದೇಶದ ಪ್ರಜೆ' ಎನ್ನಲು ಏನೂ ತೊಡಕಿಲ್ಲ. ಮಗು ಎನ್ನುವ ಮೂಲಾರ್ಥದಿಂದ ಬಂದ ಲಾಭ ಇರಬೇಕು ಅದು. ಮೊದಲ ಮಹಾಚುನಾವಣೆಯ ಮತದಾರರ ಪಟ್ಟಿ ಮಾಡುವಾಗ ಉತ್ತರದ ಕಡೆ ಲಕ್ಷಾಂತರ ಹೆಂಗಸರು ತಮ್ಮ ಹೆಸರು ಹೇಳದೆ 'ಇಂಥವರ ಹೆಂಡತಿ', 'ಇಂಥವರ ತಾಯಿ' ಎಂದು ಬರೆಸಿದ್ದರು. ಹೆಸರು ಕೊಡದ ಸುಮಾರು 28 ಲಕ್ಷ ಹೆಂಗಸರನ್ನು ಪಟ್ಟಿಯಿಂದ ಕೈಬಿಡಬೇಕಾಯಿತು.

ಆ ಚುನಾವಣೆಯಲ್ಲಿ ಪ್ರಜೆ ಎಂಬ ಪದಕ್ಕೆ ಮತ್ತೊಂದು ಕೆಲಸ ಬಿದ್ದಿತ್ತು. ಆಚಾರ್ಯ ಕೃಪಲಾನಿಯವರ ಕಿಸಾನ್ ಮಜ್ದೂರ್ ಪ್ರಜಾ ಪಕ್ಷ ಮೈಸೂರಿನ ವಿಧಾನಸಭೆಗೂ ನಿಂತಿತ್ತು. ಉದ್ದ ಹೆಸರು, ಶೀರ್ಷಿಕೆಗೆ ಹಿಡಿಸದು. ಹಾಗಾಗಿ 'ಪ್ರಜಾ ಪಕ್ಷ' ಎಂದರೆ ಮುಗಿಯಿತು. 1930ರ ದಶಕದ ಪ್ರಜಾಪಕ್ಷಕ್ಕೂ ಇದಕ್ಕೂ ಸಂಬಂಧವಿಲ್ಲ, ಹಳೇ ಪೇಪರು ಓದುವವರು ಎಚ್ಚರವಾಗಿರಬೇಕು. 99 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ 74, ಇವರಿಗೆ 8, ಸೋಷಲಿಸ್ಟರಿಗೆ 3. ಅದೇ ವರ್ಷ ಪ್ರಜಾ ಪಕ್ಷದವರೂ ಸೋಷಲಿಸ್ಟರೂ ಸೇರಿ ಪ್ರಜಾ ಸೋಷಲಿಸ್ಟ್ ಪಕ್ಷವಾದರು. ಶಾಂತವೇರಿ ಗೋಪಾಲಗೌಡರನ್ನು ನಾವು ಓದುವುದು ಆ ಹೆಸರಿನ ಜೊತೆಯಲ್ಲಿ.

ಆಗಿನ ಓಟಿನ ಕ್ರಮ ಈಗಿನ ಹಾಗಲ್ಲ. ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ, ಮೇಲೆ ಚಿಹ್ನೆ: ಕಾಂಗ್ರೆಸ್ಸಿಗೆ ಜೋಡೆತ್ತು, ಸೋಷಲಿಸ್ಟರಿಗೆ ಮರ, ಪ್ರಜಾ ಪಕ್ಷಕ್ಕೆ ಗುಡಿಸಲು. ಮರೆಯಲ್ಲಿಟ್ಟ ಪೆಟ್ಟಿಗೆಗಳಲ್ಲಿ ಬೇಕಾದುದರೊಳಗೆ ಚೀಟಿ ಹಾಕಿ ಬರಬೇಕು. ಮೇಷ್ಟ್ರು ಹದಿನೈದು ದಿನ ಮೊದಲಿಂದ ಜಗಲಿಯ ಮೇಲೆ ಇದನ್ನು ಪಾಠ ಮಾಡಿದ್ದರಂತೆ, ಖಾಲಿ ಬೆಲ್ಲದ ಡಬ್ಬಗಳನ್ನು ಸಾಲಾಗಿ ಇಟ್ಟುಕೊಂಡು. ಯಾರಿಗೆ ಹಾಕಿದಿರಿ ಎಂದು ಯಾರೂ ಕೇಳಬಾರದು, ಕೇಳಿದರೂ ಹೇಳಬಾರದು, ಅದು ಪ್ರಜೆಯ ಗುಟ್ಟು ಎಂದು ಹೇಳಿಕೊಟ್ಟಿದ್ದರು. ತಾತನಿಗೆ ಆಗ ಹದಿನಾರು, ಓಟಿಲ್ಲ. ಅವ್ವನನ್ನು ಕರೆದುಕೊಂಡು ಹೋಗಿ ಹೊರಗೆ ಹುಣಸೆಮರದ ಕೆಳಗೆ ಕಾದರು. ಮುತ್ತಜ್ಜಿ ಒಳಗೆ ಹೋಗಿ, ಪೆಟ್ಟಿಗೆಗೆ ಕೈಮುಗಿದು, ಚೀಟಿ ಹಾಕಿ ಬಂದರು. ರಾತ್ರಿ ಊಟಕ್ಕೆ ಕೂತಾಗ ಮೇಷ್ಟ್ರು ಮೆಲ್ಲಗೆ, 'ಎತ್ತಿಗೋ ಗುಡಿಸ್ಲಿಗೋ?' ಎಂದು ಕೇಳಿದರಂತೆ.

ಮುತ್ತಜ್ಜಿ ಇನ್ನೊಂದು ಮುದ್ದೆ ಬಡಿಸಿ ಒಳಗೆ ಹೋದರು. ತೀರಿಕೊಳ್ಳುವವರೆಗೂ ಹೇಳಲಿಲ್ಲ ಎನ್ನುತ್ತಾರೆ ತಾತ.